ಮಗಳು ಎಂಬ ಮಾತು ಬಿಟ್ಟ ಪತ್ರ

ಜಿನಮತಿ ಕೊಡದ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊದಿಸಿ ನೀರು ಸೋಸುತ್ತಿದ್ದಳು. ಸೊಸೆ ಪ್ರಾಜಕ್ತಾ ಫೋನು ಹಿಡಿದು ಬಂದು ಎದುರಿಗೆ ನಿಂತಳು.

"ಅತ್ತಿ, ಸೋನಾಲಿ ಮತ್ತ ಮೆಸೇಜ್ ಹಾಕ್ಯಾಳ್ರಿ. ವಕೀಲ ಪತ್ರ ಕೇಳಾಕತ್ತಾನಂತ. ಏನ ಹೇಳ್ಲಿ?"

"ನೀರ ಸೋಸಾಕತ್ತೇನಿ, ಕಾಣವಲ್ದೇನ?"

"ದಶಲಕ್ಷಣ ಪರ್ವ ಮುಗೀಲಿ ಅಂದ್ರಿ, ಮುಗೀತು. ದಸರಾ ಆಗ್ಲಿ ಅಂದ್ರಿ, ಆತು. ಈಗ ನೀರ ಸೋಸೂದು!"

ಜಿನಮತಿ ಇನ್ನೊಂದು ತಂಬಿಗೆ ನೀರನ್ನು ಬಟ್ಟೆಯ ಮೇಲೆ ಸುರಿದಳು.

ಸೋನಾಲಿ ಜಿನಮತಿಯ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಕುರಿ ಕಾಯುವ ಭೀಮಾಬಾಯಿಯ ಮಗಳು. ತಾಯಿ ತಂದೆ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದ ಕಾಲದಲ್ಲಿ ಹುಡುಗಿಯ ಸಾಲೆ ತಪ್ಪಬಾರದೆಂದು ಸದಲಗಾದ ಈ ಮನೆಯಲ್ಲಿ ಇಟ್ಟುಕೊಂಡಿದ್ದರು. ಇಲ್ಲೇ ಉಂಡು, ಇಲ್ಲೇ ಬೆಳೆದು, ಹಾಲಿನ ವಿಷಯವನ್ನೇ ಕಾಲೇಜಿನಲ್ಲಿ ಓದಿ ಬಂದು, ಜಿನಮತಿಯ ಡೇರಿಯಲ್ಲಿ ಎರಡು ವರ್ಷ ಹಾಲು ಪರೀಕ್ಷೆಯ ಮೇಜಿನ ಮುಂದೆ ಕೂತಳು. ಆಮೇಲೆ ಇನ್ನಷ್ಟು ಓದಲು ಅಮೆರಿಕಕ್ಕೆ ಹೋದವಳು ಅಲ್ಲೇ ಒಂದು ಚೀಸ್ ಕಾರ್ಖಾನೆ ಸೇರಿದಳು. ಹೋಗಿ ಏಳು ವರ್ಷ. ಒಮ್ಮೆಯೂ ಬಂದಿಲ್ಲ.

ಈಗ ಕಾರ್ಖಾನೆಯವರು ಅವಳನ್ನು ಕಾಯಂ ಮಾಡಿಕೊಳ್ಳಲು ಹೊರಟಿದ್ದರು. ಅದಕ್ಕೆ ಮೊದಲು ಈ ಕೆಲಸಕ್ಕೆ ತಕ್ಕವರು ತಮ್ಮ ದೇಶದಲ್ಲಿ ಸಿಗಲಿಲ್ಲ ಎಂದು ಅಲ್ಲಿನ ಕಾರ್ಮಿಕ ಇಲಾಖೆಗೆ ತೋರಿಸಿ ಒಪ್ಪಿಗೆ ಪಡೆಯಬೇಕಂತೆ. ಕೆಲಸದಲ್ಲಿ ಇರುವವಳನ್ನು ಇಟ್ಟುಕೊಂಡೇ ಅವಳ ಕೆಲಸಕ್ಕೆ ಪೇಪರಿನಲ್ಲಿ ಜಾಹೀರಾತು ಕೊಟ್ಟರೆಂದು ಕೇಳಿ ಜಿನಮತಿ ಮೊದಲು ನಕ್ಕಿದ್ದಳು. ಹಿಂದೆ ಎರಡು ವರ್ಷ ಇದೇ ಕೆಲಸ ಮಾಡಿದ್ದಳೆಂಬ ಹಳೆಯ ಮಾಲಕರ ಪತ್ರವೂ ಬೇಕಿತ್ತು. ಹಳೆಯ ಮಾಲಕರು ಎಂದರೆ ಜಿನಮತಿಯೇ.

ಅವಳು ಸಂತೋಷದಿಂದಲೇ ಬರೆಸಿದ್ದಳು: 'ಸೋನಾಲಿ ನಮ್ಮ ಮನೆಯ ಮಗಳು. ಡೇರಿಯನ್ನು ತನ್ನದೆಂದು ನೋಡಿಕೊಂಡಳು.' ಪ್ರಾಜಕ್ತಾ ಅದನ್ನು ಇಂಗ್ಲಿಷಿಗೆ ಹಾಕಿ ಕಳಿಸಿದಳು. ವಕೀಲ ಹಿಂದಕ್ಕೆ ಕಳಿಸಿದ. ಮಗಳೆಂದರೆ ಮನೆಯವರ ಸಾಕ್ಷಿಯಾಯಿತು, ನೌಕರಿ ಎಲ್ಲಿ ಆಯಿತು? ಆ ಮಾತು ತೆಗೆಯಿರಿ. ಯಾವ ತಾರೀಖಿನಿಂದ ಎಲ್ಲಿಯವರೆಗೆ, ವಾರಕ್ಕೆ ಎಷ್ಟು ತಾಸು, ಏನೇನು ಕೆಲಸ, ಅಷ್ಟೇ ಬರೆದು ಸಹಿ ಮಾಡಿದ ಅಸಲು ಪತ್ರ ಕಳಿಸಿ ಎಂದಿದ್ದ. ದೀಪಾವಳಿಯೊಳಗೆ ಮುಟ್ಟದಿದ್ದರೆ ಅರ್ಜಿಯ ವೇಳೆ ಮೀರುತ್ತದೆ. ಮುಂದಿನ ವರ್ಷ ವೀಸಾ ಮುಗಿದು ಸೋನಾಲಿ ಗಂಟು ಕಟ್ಟಿಕೊಂಡು ಊರಿಗೆ ಬರಬೇಕಾಗುತ್ತದೆ.

ಊರಿಗೆ ಬರಬೇಕಾಗುತ್ತದೆ. ಈ ಒಂದು ಮಾತು ಜಿನಮತಿಯ ಎದೆಯಲ್ಲಿ ಬೆಲ್ಲದ ಹಾಗೆ ಕರಗುತ್ತಿತ್ತು. ಸ್ವಂತ ಮಗ ಸಮ್ಮೇದ ಅವ್ವ ಅನ್ನುತ್ತಾನೆ. ಆಯಿ ಅಂತ ಕರೆಯುವವಳು ಸೋನಾಲಿ ಒಬ್ಬಳೇ. ಫೋನಿನಲ್ಲಿ ಆ ಕರೆ ಒಂದು ಉಸಿರು ತಡವಾಗಿ ಬಂದು ಮುಟ್ಟುತ್ತದೆ. ತಡವಿಲ್ಲದೆ, ಹಿತ್ತಲಿನಿಂದ ಪಡಸಾಲೆಗೆ, ಮೊದಲಿನಂತೆ ಅದನ್ನು ಕೇಳಬೇಕಿತ್ತು. ಪತ್ರ ಬರೆಯಬೇಡ ಎಂದು ಯಾರೂ ಹೇಳಿರಲಿಲ್ಲ. ಬರೆಯದೆ ಸುಮ್ಮನಿದ್ದರೆ ಸಾಕಿತ್ತು.

ಸಂಜೆ ಭೀಮಾಬಾಯಿ ಎರಡು ಎಮ್ಮೆಯ ಹಾಲು ತಂದು ಡೇರಿಗೆ ಹಾಕಿ, ಬರಿ ಕ್ಯಾನು ಹಿಡಿದು ಕಟ್ಟೆಯ ಮೇಲೆ ಕೂತಳು.

"ಅಕ್ಕಾರ, ಪತ್ರ ಯಾಕ ಕಳಸವಲ್ಲರಿ?"

"ಕಳಸಿದ್ನೆಲ್ಲ. ಮಗಳ ಅಂದ್ರ ಅವರಿಗೆ ತಿಳಿಯೂದಿಲ್ಲಂತ. ಆಳ ಅಂತ ಬರೀಬೇಕಂತ. ನನ್ನ ಕೈಲೆ ಆಗೂದಿಲ್ಲ ಬೇ."

"ಆಗೂದಿಲ್ಲೋ, ಮನಸಿಲ್ಲೋ?"

ಜಿನಮತಿ ಸೆರಗು ಸರಿಪಡಿಸಿಕೊಂಡಳು. "ಬಂದ್ರ ನಿನಗ ಬ್ಯಾಡೇನ? ಹಡದಾಕಿ ನೀ."

"ಹಡದಾಕೀನಽ ಬಿಟ್ಟಕೊಟ್ಟೇನ್ರಿ, ನಿಮಗೇನ ಧಾಡಿ?" ಭೀಮಾಬಾಯಿ ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ನನಗೂ ನೋಡಬೇಕನಸ್ತೈತ್ರಿ. ಆದ್ರ ಸೋತ ಮಾರಿ ನೋಡಾಕ ಬ್ಯಾಡ. ಅಲ್ಲೆ ಕಾಯಂ ಇರೂ ಕಾರ್ಡ ಕೈಗೆ ಬರಾಕ ಭಾಳ ವರ್ಷ ಹಿಡೀತಾವಂತ. ಬಂದ ಮ್ಯಾಲ ಅಂಜದ ಹೋಗಿ ಬಂದ ಮಾಡಬಹುದಂತ. ಆವಾಗ ನೀವು ಇರ್ತೀರೋ, ನಾ ಇರ್ತೀನೋ. ಇದ್ದೋರು ನೋಡೂನು."

ಕ್ಯಾನಿನ ಮುಚ್ಚಳ ಒತ್ತಿ ಅವಳೇ ಕೇಳಿದಳು: "ಒಂದ ಸಲ ನನ್ನ ಹಾಲ ಹೊಳ್ಳಿ ಕಳಸಿದ್ಲಲ್ಲ, ನೆನಪೈತೇನ್ರಿ?"

ನೆನಪಿತ್ತು. ಬೇಸಿಗೆಯ ದಿನ. ಭೀಮಾಬಾಯಿಯ ಹಾಲು ಹುಳಿಯಾಗಿತ್ತು. ಸಾಲಿನಲ್ಲಿ ಇಪ್ಪತ್ತು ಮಂದಿ ನಿಂತಿದ್ದರು. ಸೋನಾಲಿ ಹಾಲು ಪರೀಕ್ಷೆಯ ಗಾಜಿನ ಕೊಳವೆ ಎತ್ತಿ ನೋಡಿ, 'ನಡೆಯೂದಿಲ್ರಿ, ತಗೊಂಡ ಹೋಗ್ರಿ' ಅಂದಿದ್ದಳು. ಹಡೆದವ್ವನಿಗೆ ರಿ ಹಚ್ಚಿ! ಮಂದಿ ಬಾಯಿ ಬಾಯಿ ಬಿಟ್ಟಿದ್ದರು. ಆವತ್ತು ರಾತ್ರಿ ಹುಡುಗಿ ಊಟ ಮಾಡಿರಲಿಲ್ಲ.

"ಸಿಟ್ಟ ಬಂದಿತ್ರಿ ನನಗ. ದಾರಿ ತುಂಬ ಬೈಕೋತ ಹೋದ್ನಿ. ಆಮ್ಯಾಲ ತಿಳೀತು. ಆ ಮೇಜಿನ ಮುಂದ ಕುಂತಾಗ ಆಕಿ ನನ್ನ ಮಗಳೂ ಅಲ್ಲ, ನಿಮ್ಮ ಮಗಳೂ ಅಲ್ಲ. ಆಕಿ ನೌಕರಿ ಮಾಡಾಕತ್ತಿದ್ಲು. ಅದನ್ನ ಬರೀರಿ. ಅದರಾಗ ಸುಳ್ಳೇನೈತಿ?"

ಜಿನಮತಿ ಆ ಬರಿ ಕ್ಯಾನಿನ ಕಡೆ ನೋಡಿದಳು. ಆಮೇಲೆ ಒಳಗೆ ಮುಖ ಮಾಡಿ ಕೂಗಿದಳು.

"ಪ್ರಾಜಕ್ತಾ, ಡೇರಿ ಕಾಗದ ತಗೊಂಡ ಬಾ."

ಅವಳು ಹೇಳಿದಳು, ಸೊಸೆ ಬರೆದುಕೊಂಡಳು. ಎರಡು ಸಾವಿರದ ಹದಿನಾರು ಜೂನ್ ಒಂದರಿಂದ ಎರಡು ಸಾವಿರದ ಹದಿನೆಂಟರ ಜುಲೈ ಮುಗಿಯುವವರೆಗೆ. ವಾರಕ್ಕೆ ನಲವತ್ತೆಂಟು ತಾಸು. ಕೊಬ್ಬಿನಂಶ ನೋಡುವುದು, ಹುಳಿ ನೋಡುವುದು, ಕೆಟ್ಟ ಹಾಲನ್ನು ಯಾರದೇ ಇರಲಿ ಹಿಂದಕ್ಕೆ ಕಳಿಸುವುದು.

"'ಯಾರದೇ ಇರಲಿ' ಅನ್ನೂದೂ ಹಾಕ್ಲೇನ್ರಿ?"

"ಹಾಕು."

ಮಗಳು ಅನ್ನುವ ಮಾತು ಎಲ್ಲಿಯೂ ಬರಲಿಲ್ಲ. ಸೊಸೆ ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ತಂದ ಮೇಲೆ ಜಿನಮತಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಮರುದಿನ ಸೊಸೆ ತಾನೊಬ್ಬಳೇ ಹೋಗಿ ಬರುತ್ತೇನೆಂದರೂ ಕೇಳದೆ ಜಿನಮತಿಯೂ ಚಿಕ್ಕೋಡಿಯ ಬಸ್ಸು ಹತ್ತಿದಳು. ಕುರಿಯರ್ ಅಂಗಡಿಯವನು ಲಕೋಟೆಯನ್ನು ತಿರುವಿ ನೋಡಿದ.

"ಒಳಗ ಏನೈತ್ರಿ ಅಜ್ಜಿ?"

"ನಮ್ಮ ಡೇರ್ಯಾಗ ಒಬ್ಬಾಕಿ ನೌಕರಿ ಮಾಡಿದ್ಲು," ಜಿನಮತಿ ಅಂದಳು. "ಭಾಳ ಛಲೋ ಮಾಡಿದ್ಲು. ಅದರ ಪತ್ರ."

ಅವನು ಚೀಟಿ ಅಂಟಿಸಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದ.