ನಾಲಗೆ ಕಡೆಯ ಬೇರು

ಬಲಗಡೆಯ ಹಲ್ಲಿಗೆಂದು ಚಂದಮ್ಮ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದು ಇದು ನಾಲ್ಕನೇ ಸಲ. ನಾಲ್ಕು ಸಲವೂ ಅವಳು ಹೇಳಿದ್ದು ಒಂದೇ ಮಾತು.

"ಒಳಮಗ್ಗಲಿಗಿ ರೀ, ನಾಲಿಗಿ ಕಡೆ. ಅಲ್ಲೇ ಬ್ಯಾನಿ ಅದ."

ಡಾಕ್ಟರ್ ಅಭಿಲಾಷ ನಾಲ್ಕನೇ ಸಲವೂ ಅವಳ ಬಾಯಿ ನೋಡುವುದು ಬಿಟ್ಟು ಕಂಪ್ಯೂಟರ್ ನೋಡಿದ.

"ಅಮ್ಮ, ನಿಮ್ಮ ಹಲ್ಲಲ್ಲಿ ಮೂರು ಕೆನಾಲ್ ಇತ್ತು. ಮೂರೂ ಕ್ಲೀನ್ ಮಾಡಿ ಫಿಲ್ ಮಾಡಿದೀನಿ. ಎಕ್ಸ್‌-ರೇ ನೋಡಿ, ಎಷ್ಟು ನೀಟಾಗಿದೆ. ನೋವು ಬರೋಕೆ ಚಾನ್ಸೇ ಇಲ್ಲ."

ಚಾನ್ಸೇ ಇಲ್ಲದ ಆ ನೋವು ಚಂದಮ್ಮನ ಬಲದವಡೆಯಲ್ಲಿ ಕೂತು ಕಿವಿಯವರೆಗೂ ಬಡಿಯುತ್ತಿತ್ತು. ನೀಟಾಗಿದೆಯಂತೆ! ಅವನ ಫೋಟೋ ನೀಟಾಗಿದ್ದರೆ ಇವಳ ಹಲ್ಲಿಗೆ ಏನು ಬಂತು?

ಮರಾಠಿ ಸೀಮೆಯ ಈ ಬಿಬವೇವಾಡಿಯಲ್ಲಿ ಹಲ್ಲಿನ ಡಾಕ್ಟರಿಗೇನೂ ಬರವಿಲ್ಲ. ಸುರಪುರದ ಕಡೆಯಿಂದ ಗಂಡ ಗುರಣ್ಣನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷವಾದರೂ, ಮಗರಪಟ್ಟಾದ ಎಷ್ಟೋ ಮಾಳಿಗೆಗಳಿಗೆ ತಲೆಯ ಮೇಲೆ ಕಾಂಕ್ರೀಟು ಹೊತ್ತಿದ್ದರೂ, ಚಂದಮ್ಮನ ಮರಾಠಿ ಬಜಾರಿನ ಮಟ್ಟದ್ದು. ನೋಯುತ್ತದೆ ಅನ್ನಲು ಬರುತ್ತದೆ. ಎಲ್ಲಿ, ಹೇಗೆ, ಎಷ್ಟು ಅನ್ನಲು ಬರುವುದಿಲ್ಲ. ಅದಕ್ಕೇ ಮೈಸೂರಿನ ಡಾಕ್ಟರ್ ಒಬ್ಬ ಇದ್ದಾನೆಂದು ತಿಳಿದು ಹುಡುಕಿಕೊಂಡು ಬಂದಿದ್ದಳು. ಮರಾಠಿ ಡಾಕ್ಟರು ನಂಬದಿದ್ದರೆ ಭಾಷೆ ತಿಳಿಯಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಕನ್ನಡದಲ್ಲಿ ಹೇಳಿದ್ದನ್ನೂ ನಂಬದವನನ್ನು ಏನು ಮಾಡುವುದು?

ಎರಡು ವರ್ಷದ ಹಿಂದೆ ಎಡಗಡೆಯ ಹಲ್ಲಿಗೂ ಇದೇ ನಾಟಕ ಆಗಿತ್ತು. ಇವನೇ ಮೂರು ಕೆನಾಲ್ ತುಂಬಿದ, ಇವಳು ನಾಲಗೆ ಕಡೆ ನೋವು ಅಂದಳು, ಇವನು ಇಲ್ಲ ಅಂದ. ಕೊನೆಗೆ "ನೀವು ಮಿಶ್ರಿ ಹಚ್ಚೋದು ಬಿಡಲ್ಲ, ಹಲ್ಲು ಉಳಿಯಲ್ಲ" ಎಂದು ಕಿತ್ತು, ಹತ್ತಿಯಲ್ಲಿ ಸುತ್ತಿ ಕೈಗೆ ಕೊಟ್ಟಿದ್ದ. ಅಲ್ಲಿಂದ ಜೋಳದ ಕಡಕ್ ರೊಟ್ಟಿ ಅಗಿಯುವುದು ಬಲಗಡೆಯೇ. ಈಗ ಇದೂ ಹೋದರೆ ಬದುಕಿರುವವರೆಗೂ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಹಸುಗೂಸಿನ ಹಾಗೆ ನುಂಗಬೇಕು.

ಅದಕ್ಕಾಗಿಯೇ ಹುರಿದ ತಂಬಾಕಿನ ಆ ಕರಿ ಪುಡಿಯನ್ನು, ಹದಿಮೂರನೇ ವಯಸ್ಸಿನಿಂದ ದಿನಾ ಬೆಳಗ್ಗೆ ಹಲ್ಲಿಗೆ ತಿಕ್ಕುತ್ತಿದ್ದ ಮಿಶ್ರಿಯನ್ನು, ಎರಡು ತಿಂಗಳಿಂದ ಮುಟ್ಟಿರಲಿಲ್ಲ. ತಲೆ ಸಿಡಿದರೂ ತಡೆದುಕೊಂಡಿದ್ದಳು. ಆದರೂ ಗುರಣ್ಣ ಅವಳ ದಿಂಬಿನ ಕೆಳಗೆ ಕೈಯಾಡಿಸಿ ಹುಡುಕಿದ್ದ. "ಓದಿದ ಮನುಷ್ಯಾ ಸುಳ್ಳ ಹೇಳ್ತಾನೇನು? ನೀನೇ ಎಲ್ಲೋ ಕದ್ದು ಹಚ್ಚಕತ್ತಿ" ಅಂದಿದ್ದ. ಹಲ್ಲಿನ ನೋವಿಗಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತ್ತು.

"ಮಿಶ್ರಿ ಇನ್ನೂ ಹಚ್ತಿದೀರಾ?" ಅಭಿಲಾಷ ಕೇಳಿದ.

"ಎರಡು ತಿಂಗಳಾತ್ರಿ ಬಿಟ್ಟು."

"ಸುಳ್ಳು ಹೇಳ್ಬೇಡಿ ಅಮ್ಮ. ಬಿಟ್ಟಿದ್ರೆ ಇಷ್ಟೊತ್ತಿಗೆ ಸರಿಹೋಗ್ಬೇಕಿತ್ತು. ನನಗೂ ಸಾಕಾಯ್ತು. ತೆಗೆದುಬಿಡೋಣ."

ಚಂದಮ್ಮನಿಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. "ತಗೀರಿ. ನಿಮಗೂ ಸಾಕು, ನಂಗೂ ಸಾಕು. ಆದ್ರ ಹಲ್ಲು ನಂಗ ಕೊಡ್ರಿ" ಎಂದು ಸೊಂಟದ ಚೀಲದಿಂದ ಒಂದು ಡಬ್ಬಿ ತೆಗೆದಳು. ಮುಚ್ಚಳ ಸವೆದ, ಮಿಶ್ರಿಯ ಹಳೇ ತಗಡಿನ ಡಬ್ಬಿ.

ಅಭಿಲಾಷನಿಗೆ ಕಳ್ಳ ಸಿಕ್ಕಷ್ಟು ಖುಷಿಯಾಯಿತು. "ನೋಡಿ! ಎರಡು ತಿಂಗಳಾಯ್ತು ಅಂದ್ರಿ, ಡಬ್ಬಿ ಜೊತೆಗೇ ಇಟ್ಕೊಂಡು ಓಡಾಡ್ತಿದೀರಾ!" ಎಂದವನೇ ಅವಳ ಕೈಯಿಂದ ಅದನ್ನು ತೆಗೆದುಕೊಂಡು ಮುಚ್ಚಳ ತಿರುಗಿಸಿದ.

ಒಳಗೆ ಮಿಶ್ರಿಯ ಒಂದು ಕಣವೂ ಇರಲಿಲ್ಲ. ಬಿಳಿ ಬಟ್ಟೆಯ ಮೇಲೆ ಅವನೇ ಕಿತ್ತ ಹಲ್ಲು ಮಲಗಿತ್ತು.

"ನಮ್ಮಲ್ಲಿ ಸುಡಂಗಿಲ್ರಿ, ಹೂಳ್ತಾರ" ಎಂದಳು ಚಂದಮ್ಮ. "ಮಣ್ಣಿಗಿ ಹೋಗುವಾಗ ಪೂರಾ ಹೋಗಬೇಕಂತ ಇಟ್ಟೀನಿ. ಇದ್ರ ಜೋಡಿ ಅದನ್ನೂ ಹಾಕ್ತೀನಿ."

ಅಭಿಲಾಷ ಕೇಳಿಸಿಕೊಂಡಂತೆ ಕಾಣಲಿಲ್ಲ. ಹಲ್ಲನ್ನು ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿದ, ಇನ್ನೊಂದು ಸಲ ತಿರುಗಿಸಿದ. ಮುಖ ಇಷ್ಟು ಸಣ್ಣದಾಯಿತು.

"ಇದಕ್ಕೆ ಮೂರು ಬೇರಿದೆ" ಎಂದ.

"ಹೌದ್ರಿ. ಒಲಿಯ ಮೂರು ಗುಂಡಿನಂಗ. ಎಲ್ಲಾರಿಗೂ ಹಂಗೇ ಇರಂಗಿಲ್ಲೇನು?"

"ಇಲ್ಲಮ್ಮ. ಈ ಹಲ್ಲಿಗೆ ಸಾಮಾನ್ಯವಾಗಿ ಎರಡೇ ಬೇರು, ಆ ಎರಡರೊಳಗೇ ಮೂರು ಕೆನಾಲ್ ಇರುತ್ತೆ."

ಅವತ್ತು ರಕ್ತ ಮೆತ್ತಿದ ಹಲ್ಲನ್ನು ತೊಳೆದವಳು ಚಂದಮ್ಮ. ಹಾಗಾಗಿ ಸರಿಯಾಗಿ ನೋಡಿದವಳೂ ಅವಳೇ. ಎರಡು ದಪ್ಪ ಬೇರುಗಳ ತುದಿಯಲ್ಲಿ ಅವನು ತುಂಬಿದ ಗುಲಾಬಿ ಮದ್ದು ಚುಕ್ಕೆಯಾಗಿ ಕಾಣುತ್ತಿತ್ತು. ನಾಲಗೆ ಕಡೆಗೆ ಬಾಗಿದ್ದ ಮೂರನೇ ಸಣ್ಣ ಬೇರನ್ನು ಯಾರೂ ಮುಟ್ಟಿರಲಿಲ್ಲ.

ಅವನು ಗಡಿಬಿಡಿಯಿಂದ ಬಲಗಡೆಯ ಹಲ್ಲಿನದು ಇನ್ನೊಂದು ಎಕ್ಸ್‌-ರೇ ತೆಗೆದ, ಈ ಸಲ ಓರೆಯಾಗಿ. ದೊಡ್ಡವರ ಹಿಂದೆ ನಿಂತ ಕೂಸು ಫೋಟೋದಲ್ಲಿ ಕಾಣುವುದಿಲ್ಲವಲ್ಲ, ಪಕ್ಕಕ್ಕೆ ಬಂದು ನೋಡಿದರೆ ಕಾಣುತ್ತದೆ. ಹಾಗೆ ಕಾಣಿಸಿತು ಮೂರನೇ ಬೇರು. ಒಂದು ಕಡೆ ಇದ್ದರೆ ಎಷ್ಟೋ ಜನರಿಗೆ ಇನ್ನೊಂದು ಕಡೆಯೂ ಇರುತ್ತದಂತೆ. ಇದನ್ನು ಅವನು ಗೋಡೆಗೆ ಹೇಳುವ ಹಾಗೆ ಹೇಳಿದ.

ಇಂಜೆಕ್ಷನ್ ಕೊಟ್ಟು, ಹಲ್ಲನ್ನು ಮತ್ತೆ ಕೊರೆದು, ಮುಕ್ಕಾಲು ತಾಸು ಹುಡುಕಿ ಮೂರನೇ ಬೇರಿನೊಳಗಿನ ನಾಲ್ಕನೇ ಕೆನಾಲ್ ಹಿಡಿದ. ಒಳಗಿದ್ದ ಕೊಳೆಯನ್ನೆಲ್ಲ ತೆಗೆದ. ಆಮೇಲೆ "ಸಾರಿ ಅಮ್ಮ" ಅಂದ. ಯಾವಾಗ ಅಂದ? ಅವಳ ಬಾಯಿ ತುಂಬ ಹತ್ತಿ ತುರುಕಿ, ನಾಲಗೆ ಮರಗಟ್ಟಿದ್ದಾಗ! ಎರಡು ವರ್ಷದಿಂದ ಕೂಡಿಟ್ಟ ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು.

ಚಂದಮ್ಮ ಮನೆಗೆ ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಎರಡು ತಾಸು ಕೂತಳು. ತುಟಿಗೆ ಜೀವ ಬಂದ ಮೇಲೆ ಎದ್ದು ಒಳಗೆ ಹೋಗಿ, ಗುರಣ್ಣನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅಭಿಲಾಷನ ಮುಂದಿಟ್ಟಳು.

"ನಮ್ಮ ಮನಿಯವ್ರಿಗಿ ಹೇಳ್ರಿ. ನಾ ಸುಳ್ಳ ಹೇಳಿದ್ನೋ ಖರೇ ಹೇಳಿದ್ನೋ?"

ಅಭಿಲಾಷ ಫೋನಿನ ಕಡೆ ಬಾಗಿದ. "ಚಂದಮ್ಮನವರು ಹೇಳಿದ್ದೆಲ್ಲ ನಿಜ. ಒಂದು ಬೇರು ನನಗೆ ಕಂಡಿರಲಿಲ್ಲ. ಈಗ ಸಿಕ್ಕಿದೆ. ಹಲ್ಲು ಉಳಿಯುತ್ತೆ."

ಆ ಕಡೆ ಕಾಂಕ್ರೀಟ್ ಯಂತ್ರದ ಸದ್ದು. ಗುರಣ್ಣ ದೂರ ಸರಿದಂತೆ ಅದು ಕಡಿಮೆಯಾಯಿತು. ಆಮೇಲೆ, "ಹಂಗಾರ ಸಾಹೇಬ್ರ, ಮೊದಲಿನ ಹಲ್ಲು?" ಎಂದ.

ಚಂದಮ್ಮ ಫೋನಿನ ಕಡೆ ನೋಡಿದಳು. ದಿಂಬಿನ ಕೆಳಗೆ ಕೈಯಾಡಿಸಿದ್ದ ಗಂಡ ಇದನ್ನು ಕೇಳುತ್ತಾನೆಂದು ಅವಳು ಎಣಿಸಿರಲಿಲ್ಲ.

"ಅದು... ಅನಾಟಮಿಕಲ್ ವೇರಿಯೇಷನ್, ಸ್ವಲ್ಪ ರೇರ್ ಕೇಸು, ಟೂ-ಡೈಮೆನ್ಷನಲ್ ಎಕ್ಸ್‌-ರೇನಲ್ಲಿ..."

"ಸಾಹೇಬ್ರ," ಎಂದಳು ಚಂದಮ್ಮ, "ಕನ್ನಡದಾಗ ಹೇಳ್ರಿ."

ಅಭಿಲಾಷ ಮೇಜಿನ ಮೇಲಿದ್ದ ಡಬ್ಬಿ ನೋಡಿದ.

"ಕೀಳಬೇಕಾಗಿರಲಿಲ್ಲ" ಎಂದ. "ಅವರು ಹೇಳಿದ್ದನ್ನ ನಾನು ಕೇಳಲಿಲ್ಲ."

ಗುರಣ್ಣ ಸಣ್ಣ ದನಿಯಲ್ಲಿ, "ನಾನೂ ಕೇಳಲಿಲ್ರಿ" ಎಂದ.

ಚಂದಮ್ಮ ಫೋನ್ ಇಟ್ಟಳು. ಹಳೇ ಹಲ್ಲನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿ ಮಾಡಿದಳು. ಒಂದೇ ಹಲ್ಲಿಗೆ ಅದು ದೊಡ್ಡ ಡಬ್ಬಿ; ಮನೆಯ ದಾರಿಯುದ್ದಕ್ಕೂ ಹಲ್ಲು ಒಳಗೆ ಕಟಕಟ ಅನ್ನುತ್ತಲೇ ಇತ್ತು.