ಮೂರು ದಿನದ ಕೌದಿ

"ತಿರುಗಸ್ರಿ, ಮಾರ್ಕೆಟ್ ಕಡೆ ತಿರುಗಸ್ರಿ!" ಎಂದು ಸವಿತಾ ತನ್ನ ಅವ್ವನ ಶವದ ಮೆರವಣಿಗೆಗೇ ಅಡ್ಡ ನಿಂತಳು.

ಹೊತ್ತವರು ಗಕ್ಕನೆ ನಿಂತರು. ಪುಟ್ಟ ಮಂಟಪದಂಥ ಬಿದಿರಿನ ವಿಮಾನದೊಳಗೆ ಮುದಕವ್ವ ಹಣೆತುಂಬ ವಿಭೂತಿ ಧರಿಸಿ, ಕೌದಿ ಹೊಲಿಯುವಾಗ ಕೂರುತ್ತಿದ್ದಂತೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಹುಚ್ಚ ಹಿಡದೈತೇನ? ರುದ್ರಭೂಮಿ ಈ ಕಡೆ ಐತಿ," ಎಂದ ಮುದಕವ್ವನ ತಮ್ಮ ಫಕ್ಕೀರಪ್ಪ.

"ಮೂರ ತಿಂಗಳು ಆ ಕೌದಿ ಹೊಲದಾಳ ಮಾಮಾ. ನಿನ್ನೆ ಸಂಜಿಕ ಚೌಕದಾಗ ಕಟ್ಯಾರ. ಇವತ್ತ ನೋಡಾಕ ಹೋಗಬೇಕಂತ ತಗದಿಟ್ಟ ಸೀರೀನ ಈಗ ಆಕಿ ಮೈಮ್ಯಾಲ ಐತಿ. ನೋಡದ ಹೋಗಬೇಕೇನು?"

ಫಕ್ಕೀರಪ್ಪ ಹೊತ್ತವರಿಗೆ ಕೈಸನ್ನೆ ಮಾಡಿದ. ವಿಮಾನ ತಿರುಗಿತು.

*

ಕಲಾವಿದೆ ಶ್ವೇತಾ ಮೊದಲ ಸಲ ಬಂದಾಗ ಮುದಕವ್ವ ನಕ್ಕುಬಿಟ್ಟಿದ್ದಳು. ಸವಣೂರಿನ ಮಾರ್ಕೆಟ್ ಚೌಕಕ್ಕೆಲ್ಲ ಚಪ್ಪರದ ಹಾಗೆ ಒಂದು ಕೌದಿ ಹೊದಿಸಬೇಕಂತೆ. ಊರವರ ಹಳೆ ಸೀರೆಗಳಿಂದ, ಅದೂ ಒಂದೇ ಪದರ!

"ಒಂದ ಪದರಿನ ಕೌದಿ ಥಂಡಿ ತಡೀತೈತೇನವಾ?"

"ಥಂಡಿಗಲ್ಲ ಅಜ್ಜಿ, ಬಿಸಲಿಗೆ. ಬಿಸಲು ಅದರಾಗಿಂದ ಇಳೀಬೇಕು."

"ಎಷ್ಟ ವರ್ಷ ಇರತೈತಿ?"

"ಮೂರ ದಿನ."

"ಮೂರ ದಿನಕ್ಕ ಇಷ್ಟ ಹೊಲಗಿ! ನನಗಿಂತ ಹುಚ್ಚಿ ಅದೀ ನೀ," ಎಂದವಳು ಮರುದಿನವೇ ಮನೆಮನೆಗೆ ಹೋಗಿ ಸೀರೆ ಕೇಳತೊಡಗಿದಳು. ಜೀವನಪೂರ್ತಿ ಒಬ್ಬೊಬ್ಬರ ಹಾಸಿಗೆಗೆ ಹೊಲಿದ ಕೈಗೆ ಊರನ್ನೇ ಹೊದಿಸುವ ಹುರುಪು ಬಂದಿತ್ತು.

*

ಚೌಕದಲ್ಲಿ ವೀಳ್ಯದೆಲೆ ಮಾರುವವರು ಎದ್ದು ನಿಂತರು. ಮೆರವಣಿಗೆಯವರು ಮೇಲೆ ನೋಡಿದ್ದೇ ತಡ, ಬಂದ ಕೆಲಸ ಮರೆತರು.

"ಅಯ್ಯ, ಅದು ನನ್ನ ಲಗ್ನದ ಸೀರಿ! ಕೆಂಪಂದು!" ಮುದಕವ್ವನ ಗೆಳತಿ ದಾವಲಬಿ ಅಳುತ್ತಲೇ ಕೂಗಿದಳು.

"ನನ್ನ ಮಗನ ತೊಟ್ಟಿಲಕ್ಕ ಕಟ್ಟಿದ್ದು, ಅಲ್ಲಿ ಹಸರು, ನೋಡ್ರಿ!" ಎಂದಳು ಇನ್ನೊಬ್ಬಳು.

ಭಜನೆಯವರ ತಾಳ ತಪ್ಪಿತು. ಸಾವಿನ ಮೆರವಣಿಗೆಯಲ್ಲಿ ಇಷ್ಟು ಸಂಭ್ರಮ ಸಲ್ಲದು ನಿಜ, ಆದರೆ ಯಾರಿಗೂ ತಡೆದುಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ವಿಮಾನದ ತುದಿ, ನಡುವೆ ಜೋತಿದ್ದ ಕೌದಿಗೆ ಸಿಕ್ಕಿತು. "ಹರೀತೈತಿ, ತಡೀರಿ!" ಎಂದು ಗದ್ದಲವೆದ್ದಿತು.

ಶ್ವೇತಾ ಓಡಿಬಂದಳು. "ಹಗ್ಗ ಕೊಯ್ದಬಿಡ್ತೇನಿ. ಕೌದಿ ಹೋದ್ರ ಹೋಗಲಿ."

"ಒಂದ ಹೊಲಗಿನೂ ಬಿಚ್ಚಬ್ಯಾಡ! ನಮ್ಮಕ್ಕ ಹಾಕಿದ್ದದು," ಎಂದು ಗದರಿದ ಫಕ್ಕೀರಪ್ಪ ತಾನೇ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. "ಹಿಂದಿನವ್ರು ತಗ್ಗಸ್ರಿ. ಇನ್ನಷ್ಟು! ಹೂಂ, ನಡೀರಿ."

ವಿಮಾನ ಹಿಂದಕ್ಕೆ ವಾಲಿತು. ಮುದಕವ್ವನ ಮುಖ ಮೇಲಾಯಿತು. ಹೆಜ್ಜೆ ಹೆಜ್ಜೆಗೂ ಆ ವಿಭೂತಿಯ ಮೇಲೆ ಮೊದಲು ದಾವಲಬಿಯ ಲಗ್ನದ ಕೆಂಪು, ಆಮೇಲೆ ತೊಟ್ಟಿಲಿನ ಹಸಿರು ಬಿದ್ದು ದಾಟಿದವು.