ಬೇಡವೆಂದ ಗಂಟು

ಹಗ್ಗದ ತುದಿಗೆ ಗಂಟು ಹಾಕದೆ ಬಿಟ್ಟವನನ್ನು ನಾನು ಎರಡನೇ ದಿನ ಕೆಲಸಕ್ಕೆ ಇಟ್ಟುಕೊಂಡದ್ದಿಲ್ಲ. ಇಪ್ಪತ್ತಾರು ವರ್ಷ ದೋಣಿಗಳಿಗೆ ಹಾಯಿ ಕಟ್ಟಿದ್ದೇನೆ. ಎಲ್ಲ ಸರಕಿನ ದೋಣಿ, ದಪ್ಪ ಹಾಯಿ. ಮಗಳ ಪರೀಕ್ಷೆಗೆ ಬಂದದ್ದು ಬೇರೆಯೇ ಥರದ ಹಾಯಿ: ಗಾಳಿ ಬೆನ್ನಿಗಿದ್ದಾಗ ಮಾತ್ರ ಏರಿಸುವ, ಸೆರಗಿನಷ್ಟು ತೆಳು, ದೋಣಿಗಿಂತ ದೊಡ್ಡದು. ಅದನ್ನು ಏರಿಸಿ, ಓಡಿಸಿ, ನೀರಿಗೆ ತಾಗಿಸದೆ ಇಳಿಸಿ ತೋರಿಸಿದರೆ ಹಾಯಿ ಶಾಲೆಯಲ್ಲಿ ಕಲಿಸುವ ಕೆಲಸ. ಮೂರು ವರ್ಷದಿಂದ ಅದಕ್ಕೇ ಕಾದಿದ್ದಳು.

ಬೆಳಿಗ್ಗೆ ಇಬ್ಬರೂ ಸೇರಿ ಕಟ್ಟಿದೆವು. ಹಾಯಿಯ ಮೂಲೆಯಿಂದ ಎರಡು ಹಗ್ಗಗಳನ್ನು ಕಂಬದ ತಂತಿಗಳ ಹೊರಗಿನಿಂದ ತಂದು, ಹಿಂದಿನ ರಾಟೆಗಳಿಗೆ ಅವಳೇ ಪೋಣಿಸಿದಳು. ನಾನು ತುದಿ ಹಿಡಿದೆ.

"ಅಪ್ಪ, ಅದಕ್ಕೆ ಗಂಟು ಬೇಡ."

"ಕೈಜಾರಿ ಹೋದ್ರೆ ಮೀನು ತಂದ್ಕೊಡುತ್ತಾ?"

"ಹೋಗ್ಲಿ ಅಂತಾನೇ. ಗಾಳಿ ಜಾಸ್ತಿ ಆದ್ರೆ ಪೂರ್ತಿ ಬಿಟ್ಬಿಡ್ಬೇಕು. ಆಗ ಹಾಯಿ ಬಾವುಟದ ಥರ ಹಾರ್ಕೊಂಡು ಸುಮ್ನಾಗುತ್ತೆ."

"ನಿನ್ನೆ ಹುಟ್ಟಿದೋಳು ನನಗೆ ಹಗ್ಗ ಕಲಿಸ್ತಾಳೆ."

"ಕಲಿ ಅಪ್ಪ, ಫೀಸು ಬೇಡ." ನಗುತ್ತಾ ಪರೀಕ್ಷಕರನ್ನು ಕರೆತರಲು ಹೋದಳು.

ಅವಳು ಬೆನ್ನು ತಿರುಗಿಸಿದ್ದೇ ತಡ, ಎರಡೂ ತುದಿಗೆ ಗಂಟು ಬಿಗಿದೆ. ಸಿಟ್ಟಿನಿಂದಲ್ಲ ಎಂದರೆ ಸುಳ್ಳಾಗುತ್ತದೆ.

ದೋಣಿ ಕಟ್ಟುವ ಧಕ್ಕೆಯ ಮೇಲೆ ನಾನೂ ನನ್ನ ಹೆಂಡತಿಯೂ ನಿಂತಿದ್ದೆವು. ಮಗಳೂ ಪರೀಕ್ಷಕರೂ ಇದ್ದ ದೋಣಿ ದೂರ ಹೋಗಿ ನಮ್ಮ ಕಡೆ ತಿರುಗಿತು. ಹಾಯಿ ಒಂದೇ ಏಟಿಗೆ ತುಂಬಿಕೊಂಡಿತು.

"ಎಷ್ಟು ಚೆಂದ ಉಬ್ಬಿದೆ ನೋಡ್ರೀ, ನಿಮ್ಮ ಹೊಟ್ಟೆ ಥರಾನೇ," ಎಂದಳು ಹೆಂಡತಿ.

ನಗುವಷ್ಟರಲ್ಲಿ ದೋಣಿಯ ಹಿಂದೆ ನೀರು ಕಪ್ಪಾಗುತ್ತಾ ಬರುವುದು ಕಂಡಿತು. ಜೋರುಗಾಳಿ. ನಮಗೆ ಕಾಣುತ್ತಿತ್ತು, ಅವರಿಗೆ ಬೆನ್ನಿಗಿತ್ತು. "ಹಗ್ಗ ಕತ್ತರಿಸು" ಎಂದು ಗಂಟಲು ಹರಿಯುವಂತೆ ಕೂಗಿದೆ. ಎದುರುಗಾಳಿ ನನ್ನ ಮಾತನ್ನು ನನ್ನ ಮುಖಕ್ಕೇ ಎಸೆಯಿತು. ಚಾಕು ನನ್ನ ಸೊಂಟದಲ್ಲಿತ್ತು. ಅವಳು ನೂರು ಮಾರು ಆಚೆ.

ದೋಣಿ ಓಲಿತು. ಮಗಳು ಹಗ್ಗದಿಂದ ಎರಡೂ ಕೈ ಎತ್ತಿದ್ದು ಕಂಡಿತು. ಹಗ್ಗ ಸರಸರ ಓಡಿ, ನನ್ನ ಗಂಟು ಸಿಕ್ಕಿ ರಾಟೆಯ ಬಾಯಲ್ಲಿ ಗಕ್ಕನೆ ನಿಂತಿರಬೇಕು. ಹಾಯಿ ಉಬ್ಬಿಕೊಂಡೇ ಇತ್ತು.

"ಬಿಟ್ಟಿದ್ದಾಳಲ್ರೀ, ಮತ್ಯಾಕೆ ದೋಣಿ ಏಳ್ತಿಲ್ಲ?"

ಕಂಬ ನಿಧಾನವಾಗಿ ನೀರಿನ ಮೇಲೆ ಮಲಗಿತು.

ಶಾಲೆಯ ಮೋಟಾರು ದೋಣಿ ಇಬ್ಬರನ್ನೂ ಎತ್ತಿಕೊಂಡು ಬಂತು. ಜೀವಕ್ಕೇನೂ ಆಗಿರಲಿಲ್ಲ. ಪರೀಕ್ಷಕರು ಬೂಟಿನ ನೀರು ಸುರಿಯುತ್ತಾ, "ತುದಿಗೆ ಗಂಟಿತ್ತು," ಎಂದರು.

"ಹೌದು ಸಾರ್. ಹೊರಡೋ ಮುಂಚೆ ನಾನು ನೋಡ್ಲಿಲ್ಲ," ಎಂದಳು ಮಗಳು.

"ಹಾಕಿದ್ದು ನಾನು ಸಾರ್," ನಾನು ಅಡ್ಡ ಹೋದೆ. "ಬೇಡ ಅಂದಿದ್ಲು. ಕದ್ದು ಹಾಕಿದೆ."

"ದೋಣಿ ಯಾರ ಕೈಲಿತ್ತು ಯಜಮಾನ್ರೇ? ನಿಮ್ಮ ಕೈಲಾ?"

"ಅಲ್ಲ, ಆದ್ರೆ..."

"ನಾಳೆ ಇವರ ದೋಣೀಲಿ ಮಕ್ಕಳಿರ್ತಾರೆ. ಆಗ್ಲೂ ಅಪ್ಪ ಹಾಕಿದ್ದು ಅಂತ ಹೇಳೋಕಾಗುತ್ತಾ?"

ಅವರು ಒದ್ದೆ ಕಾಲಿನಲ್ಲೇ ಶಾಲೆಯ ಒಳಗೆ ಹೋದರು. ಹಿಂದೆ ಓಡೋಣವೆನ್ನಿಸಿತು. ಓಡಿ ಏನು ಹೇಳಲಿ? ಆ ಮನುಷ್ಯ ಆಡಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಹೆಂಡತಿ ಮಗಳಿಗೆ ಟವೆಲು ಹೊದೆಸಿದಳು. "ಅಮ್ಮ, ಮನೆಗೆ ಹೋಗೋಣ," ಎಂದು ಮಗಳು ಅವಳ ಕೈ ಹಿಡಿದು ಹೊರಟಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯುವುದಾದರೂ ನನಗೆ ಗೊತ್ತಿತ್ತು.